ಬೈಬಲ್ ಸಂಶೋಧನೆಗೆ ಆಕರ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಬಗ್ಗೆ ಸಂಶೋಧನಾ ಪ್ರಬಂಧ ಬರೆಯಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ. ಹಿಂದೆಲ್ಲ ಆಕರ ಸಿಗುವುದೇ ಕಷ್ಟವಾಗಿತ್ತು. ಈಗ ರಾಶಿ ರಾಶಿ ಸಿಗುತ್ತದೆ, ಅದರಲ್ಲಿ ಯಾವುದನ್ನು ನಂಬಿ ಮುಂದೆ ಹೋಗಬೇಕು ಅನ್ನುವುದೇ ದೊಡ್ಡ ತಲೆನೋವು. ಕೆಳಗಿನ ಉತ್ತರಗಳನ್ನು ಅದನ್ನೇ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ವಿಷಯ ಸಿಕ್ಕಿದೆ. ಮೊದಲು ಎಲ್ಲಿ ನೋಡಬೇಕು?

ಗೂಗಲ್‌ನಲ್ಲಿ ಹುಡುಕಬೇಡಿ ಅಂತ ಹೇಳುವುದಿಲ್ಲ, ಆದರೆ ಅಲ್ಲಿಂದ ಶುರು ಮಾಡಬೇಡಿ. ಮೊದಲು ಬೈಬಲ್ ಪಠ್ಯವನ್ನೇ ಓದಿ. ನಿಮ್ಮ ಭಾಗವನ್ನು ಎರಡು ಮೂರು ಅನುವಾದಗಳಲ್ಲಿ ಪಕ್ಕಪಕ್ಕ ಇಟ್ಟುಕೊಂಡು, ಎಲ್ಲಿ ಬೇರೆ ಬೇರೆ ಇದೆಯೋ ಅಲ್ಲಿ ಗುರುತು ಹಾಕಿ. ಅನುವಾದಗಳು ಒಂದಕ್ಕೊಂದು ಹೊಂದದ ಜಾಗದಲ್ಲಿ ಬಹಳ ಸಲ ನಿಜವಾದ ಪ್ರಶ್ನೆ ಅಡಗಿರುತ್ತದೆ.

ಆಮೇಲೆ ವಿಶ್ವಕೋಶ. 1992ರಲ್ಲಿ ಆರು ಸಂಪುಟಗಳಲ್ಲಿ ಬಂದ ಆಂಕರ್ ಬೈಬಲ್ ಡಿಕ್ಷನರಿ ಈಗಲೂ ಒಳ್ಳೆ ಆರಂಭ. 2009ರಿಂದ ಸಂಪುಟ ಸಂಪುಟವಾಗಿ ಬರುತ್ತಿರುವ ಎನ್‌ಸೈಕ್ಲೋಪೀಡಿಯಾ ಆಫ್ ದಿ ಬೈಬಲ್ ಅಂಡ್ ಇಟ್ಸ್ ರಿಸೆಪ್ಷನ್ ಇನ್ನೂ ಹೊಸದು. ಅದರಲ್ಲಿ ಬೈಬಲ್ಲಿನ ವಿಷಯಗಳು ಸಾಹಿತ್ಯ, ಕಲೆ, ಬೇರೆ ಧರ್ಮಗಳಲ್ಲಿ ಹೇಗೆ ಬೆಳೆದವು ಅನ್ನುವುದೂ ಇದೆ. ಲೇಖನ ಓದಿ ಮುಗಿದ ಮೇಲೆ ಕೊನೆಯಲ್ಲಿರುವ ಗ್ರಂಥಪಟ್ಟಿಯನ್ನು ಬಿಡಬೇಡಿ. ನಿಮಗೆ ಬೇಕಾದ ಮುಂದಿನ ಹತ್ತು ಹೆಸರು ಅಲ್ಲೇ ಇರುತ್ತವೆ.

ಇನ್ನೊಂದು ದಾರಿ ಇದೆ, ಜಾಸ್ತಿ ಜನ ಬಳಸುವುದಿಲ್ಲ. ನಿಮ್ಮ ವಿಷಯದ ಹತ್ತಿರ ಬರುವ ಇತ್ತೀಚಿನ ಪಿಎಚ್‌ಡಿ ಪ್ರಬಂಧ ಒಂದನ್ನು ಹುಡುಕಿ. ಅನೇಕ ವಿಶ್ವವಿದ್ಯಾಲಯಗಳು ಇವನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುತ್ತವೆ. ಅದರ ಮೊದಲ ಅಥವಾ ಎರಡನೇ ಅಧ್ಯಾಯದಲ್ಲಿ ಇದುವರೆಗೆ ಯಾರು ಏನು ಹೇಳಿದ್ದಾರೆ ಅನ್ನುವ ಸಮೀಕ್ಷೆ ಇರುತ್ತದೆ. ಒಬ್ಬರು ವರ್ಷಗಟ್ಟಲೆ ಕೂತು ಮಾಡಿದ ಕೆಲಸ ನಿಮಗೆ ಒಂದು ಮಧ್ಯಾಹ್ನದಲ್ಲಿ ಸಿಕ್ಕಿದ ಹಾಗೆ.

ಹೀಬ್ರೂ, ಗ್ರೀಕ್ ಬರುವುದಿಲ್ಲ. ಸಂಶೋಧನೆ ಮಾಡೋಕೆ ಆಗುತ್ತಾ?

ಪದವಿ ಮಟ್ಟದ ಪ್ರಬಂಧಕ್ಕೆ ಆಗುತ್ತದೆ. ಅದಕ್ಕಿಂತ ಮೇಲೆ ಹೋಗಬೇಕಾದರೆ ಕನಿಷ್ಠ ಒಂದು ಭಾಷೆ ಕಲಿಯಲೇಬೇಕು. ಇದರಲ್ಲಿ ಅಡ್ಡದಾರಿ ಇಲ್ಲ. ಕೇಂಬ್ರಿಜ್‌ನ ಟಿಂಡೇಲ್ ಹೌಸ್ ರೂಪಿಸಿರುವ ಸ್ಟೆಪ್ ಬೈಬಲ್ ಉಚಿತ. ಪದದ ಮೇಲೆ ಒತ್ತಿದರೆ ಮೂಲ ರೂಪ, ವ್ಯಾಕರಣ, ಅದೇ ಪದ ಬೇರೆ ಕಡೆ ಎಲ್ಲೆಲ್ಲಿ ಬಂದಿದೆ ಅನ್ನುವುದು ಕಾಣುತ್ತದೆ. ಕಲಿಯುವವರಿಗೆ ಇದು ಊರುಗೋಲು. ಅಕ್ಷರ ಕಲಿತು ವ್ಯಾಕರಣದ ಮೊದಲ ಹಂತ ದಾಟಿದರೆ ಸಾಕು, ವ್ಯಾಖ್ಯಾನಕಾರರು ಏನು ವಾದ ಮಾಡುತ್ತಿದ್ದಾರೆ ಅನ್ನುವುದಾದರೂ ಅರ್ಥವಾಗುತ್ತದೆ.

ಮೂಲ ಪಠ್ಯ ಅಂದರೆ ಯಾವ ಆವೃತ್ತಿ?

ಹೀಬ್ರೂ ಬೈಬಲ್‌ಗೆ ಬಿಬ್ಲಿಯಾ ಹೆಬ್ರಾಯಿಕಾ ಸ್ಟುಟ್‌ಗಾರ್ಟೆನ್ಸಿಯಾ. ಇದು ಕ್ರಿ.ಶ. 1008ರ ಹೊತ್ತಿಗೆ ಬರೆದ ಲೆನಿನ್‌ಗ್ರಾಡ್ ಹಸ್ತಪ್ರತಿಯನ್ನು ಆಧರಿಸಿದೆ. ಇದರ ಉತ್ತರಾಧಿಕಾರಿಯಾದ ಬಿಬ್ಲಿಯಾ ಹೆಬ್ರಾಯಿಕಾ ಕ್ವಿಂಟಾ 2004ರಿಂದ ಬಿಡಿ ಬಿಡಿ ಭಾಗಗಳಾಗಿ ಬರುತ್ತಿದೆ. ನೀವು ಓದುತ್ತಿರುವ ಬೈಬಲ್ ಪುಸ್ತಕ ಅದರಲ್ಲಿ ಬಂದಿದ್ದರೆ ಅದನ್ನೇ ಬಳಸಿ. ಅದರ ಅಡಿಟಿಪ್ಪಣಿಗಳಿಗೆ ಪ್ರತ್ಯೇಕ ವಿವರಣೆಯೂ ಇದೆ.

ಗ್ರೀಕ್ ಹೊಸ ಒಡಂಬಡಿಕೆಗೆ ನೆಸ್ಲೆ-ಆಲಂಡ್‌ನ 28ನೇ ಆವೃತ್ತಿ, 2012ರದು. ಜರ್ಮನ್ ಬೈಬಲ್ ಸೊಸೈಟಿಯ ಜಾಲತಾಣದಲ್ಲಿ ಇದರ ಪಠ್ಯವೂ ಸ್ಟುಟ್‌ಗಾರ್ಟೆನ್ಸಿಯಾದ ಪಠ್ಯವೂ ಉಚಿತವಾಗಿ ಓದಲು ಸಿಗುತ್ತವೆ. ಆದರೆ ಪಾಠಾಂತರಗಳನ್ನು, ಅಂದರೆ ಹಸ್ತಪ್ರತಿಗಳ ನಡುವಿನ ವ್ಯತ್ಯಾಸಗಳನ್ನು, ಕೊಡುವ ಅಡಿಟಿಪ್ಪಣಿ ಅಲ್ಲಿಲ್ಲ. ಸಂಶೋಧನೆಗೆ ಮುಖ್ಯವಾಗಿ ಬೇಕಾದದ್ದು ಅದೇ, ಹಾಗಾಗಿ ಮುದ್ರಿತ ಪ್ರತಿಯನ್ನು ಹೇಗಾದರೂ ಒದಗಿಸಿಕೊಳ್ಳಿ.

ಗ್ರೀಕ್ ಹಳೆ ಒಡಂಬಡಿಕೆ, ಅಂದರೆ ಸೆಪ್ಟುವಜಿಂಟ್‌ಗೆ, ರಾಲ್ಫ್ಸ್ ಅವರ 1935ರ ಆವೃತ್ತಿಯನ್ನು 2006ರಲ್ಲಿ ಹನ್‌ಹಾರ್ಟ್ ಪರಿಷ್ಕರಿಸಿದ್ದಾರೆ. ಕೈಯಲ್ಲಿಟ್ಟುಕೊಳ್ಳಲು ಅದು ಸಾಕು. ಗಂಭೀರ ಕೆಲಸಕ್ಕೆ ಗ್ಯೋಟಿಂಗನ್ ಆವೃತ್ತಿ ಬೇಕು, ಆದರೆ ಅದು ಎಲ್ಲ ಪುಸ್ತಕಗಳಿಗೂ ಇನ್ನೂ ಬಂದಿಲ್ಲ. ಸೆಪ್ಟುವಜಿಂಟ್‌ನ 2007ರ ಇಂಗ್ಲಿಷ್ ಅನುವಾದ ನೆಟ್ಸ್ (NETS) ಆನ್‌ಲೈನ್‌ನಲ್ಲಿ ಉಚಿತ.

ಹಸ್ತಪ್ರತಿಗಳನ್ನು ಕಣ್ಣಾರೆ ನೋಡೋಕೆ ಪ್ರಯಾಣ ಮಾಡಬೇಕಾ?

ಹೆಚ್ಚಿನವಕ್ಕೆ ಬೇಡ. ಬೈಬಲ್ ಅಧ್ಯಯನದಲ್ಲಿ ಆಗಿರುವ ಅತಿ ದೊಡ್ಡ ಬದಲಾವಣೆಗಳಲ್ಲಿ ಇದೂ ಒಂದು ಅಂತ ನನ್ನ ಅಭಿಪ್ರಾಯ. ಒಂದು ತಲೆಮಾರಿನ ಹಿಂದೆ ಪ್ರೊಫೆಸರುಗಳಿಗೂ ಸುಲಭವಾಗಿ ಸಿಗದಿದ್ದ ಪುಟಗಳನ್ನು ಇವತ್ತು ವಿದ್ಯಾರ್ಥಿ ಫೋನಿನಲ್ಲೇ ಹಿಗ್ಗಿಸಿ ನೋಡಬಹುದು.

ನಾಲ್ಕನೇ ಶತಮಾನದ ಗ್ರೀಕ್ ಬೈಬಲ್ ಹಸ್ತಪ್ರತಿ ಕೋಡೆಕ್ಸ್ ಸಿನೈಟಿಕಸ್‌ನ ಹಾಳೆಗಳು ಈಗ ನಾಲ್ಕು ಕಡೆ ಹಂಚಿಹೋಗಿವೆ: ಬ್ರಿಟಿಷ್ ಲೈಬ್ರರಿ, ಲೈಪ್‌ಜಿಗ್ ವಿಶ್ವವಿದ್ಯಾಲಯದ ಗ್ರಂಥಾಲಯ, ಸಿನಾಯ್‌ನ ಸಂತ ಕ್ಯಾಥರೀನ್ ಮಠ, ರಷ್ಯಾದ ರಾಷ್ಟ್ರೀಯ ಗ್ರಂಥಾಲಯ. ನಾಲ್ಕೂ ಸೇರಿ 2009ರಲ್ಲಿ ಇಡೀ ಪ್ರತಿಯನ್ನು ಒಂದೇ ಜಾಲತಾಣದಲ್ಲಿ ಒಟ್ಟುಗೂಡಿಸಿದವು. ಅಂಥದ್ದೇ ಹಸ್ತಪ್ರತಿ ಕೋಡೆಕ್ಸ್ ವ್ಯಾಟಿಕನಸ್ ವ್ಯಾಟಿಕನ್ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿದೆ. ಗ್ರೀಕ್ ವಿಭಾಗದ 1209ನೇ ಪ್ರತಿ ಅಂತ ಹುಡುಕಿ. ಅದರಲ್ಲಿ ಮಾರ್ಕನ ಸುವಾರ್ತೆಯ ಕೊನೆಯ ಪುಟ ತೆರೆದು ನೋಡಿ. ಬರಹ 16:8ಕ್ಕೆ ನಿಲ್ಲುತ್ತದೆ. ಅದರ ಪಕ್ಕದ ಕಾಲಂ ಪೂರ್ತಿ ಖಾಲಿ. ಲಿಪಿಕಾರ ಯಾಕೆ ಜಾಗ ಬಿಟ್ಟ ಅನ್ನುವ ಚರ್ಚೆ ಇವತ್ತಿಗೂ ನಡೆದಿದೆ. ಆ ಖಾಲಿ ಜಾಗವನ್ನು ಒಮ್ಮೆ ನೀವೇ ನೋಡಿದರೆ ಅದರ ಬಗ್ಗೆ ಬರೆದ ಲೇಖನಗಳನ್ನು ಓದುವ ರೀತಿಯೇ ಬದಲಾಗುತ್ತದೆ.

ಹೊಸ ಒಡಂಬಡಿಕೆಯ ಉಳಿದ ಹಸ್ತಪ್ರತಿಗಳಿಗೆ ಮ್ಯೂನ್‌ಸ್ಟರ್‌ನ ಸಂಶೋಧನಾ ಸಂಸ್ಥೆ ನಡೆಸುವ ವರ್ಚುವಲ್ ಮ್ಯಾನುಸ್ಕ್ರಿಪ್ಟ್ ರೂಮ್ ನೋಡಿ. ಕುರ್ಟ್ ಆಲಂಡ್ 1959ರಲ್ಲಿ ಕಟ್ಟಿದ ಸಂಸ್ಥೆ ಅದು. ಮೃತ ಸಮುದ್ರದ ಸುರುಳಿಗಳಿಗೆ (ಆ ಸಮುದ್ರದ ಹತ್ತಿರದ ಗುಹೆಗಳಲ್ಲಿ ಸಿಕ್ಕ ಪ್ರಾಚೀನ ಯೆಹೂದಿ ಹಸ್ತಪ್ರತಿಗಳು) ಇಸ್ರೇಲ್ ಪುರಾತತ್ವ ಪ್ರಾಧಿಕಾರ 2012ರಲ್ಲಿ ತೆರೆದ ಲಿಯೊನ್ ಲೆವಿ ಡಿಜಿಟಲ್ ಗ್ರಂಥಾಲಯ ಇದೆ. ಬರಿಗಣ್ಣಿಗೆ ಕಪ್ಪಾಗಿ ಕಾಣುವ ಚೂರುಗಳಲ್ಲಿ ಅತಿಗೆಂಪು ಚಿತ್ರ ತೆಗೆದಾಗ ಅಕ್ಷರ ಮೂಡಿರುವುದನ್ನು ಅಲ್ಲಿ ನೋಡಬಹುದು.

ಇಷ್ಟೆಲ್ಲ ಆಕರ ಇಟ್ಟುಕೊಂಡು ಕೆಲಸ ಹೇಗೆ ನಡೆಯುತ್ತೆ? ಒಂದು ಉದಾಹರಣೆ ಕೊಡಿ.

ದಾವೀದ ಎದುರಿಸಿದ ದೈತ್ಯ ಗೊಲ್ಯಾತನ ಎತ್ತರ ತೆಗೆದುಕೊಳ್ಳಿ, 1 ಸಮುವೇಲ 17:4. ಹೀಬ್ರೂ ಪಠ್ಯ ಆರು ಮೊಳ ಒಂದು ಗೇಣು ಅನ್ನುತ್ತದೆ. ಒಂಬತ್ತು ಅಡಿ ದಾಟಿದ ಆಳು. ಈಗ ನೆಟ್ಸ್ ಅನುವಾದ ತೆರೆಯಿರಿ. ಅಲ್ಲಿ ಸಮುವೇಲ ಅನ್ನುವ ಪುಸ್ತಕವೇ ಕಾಣುವುದಿಲ್ಲ. ಗ್ರೀಕ್ ಪರಂಪರೆಯಲ್ಲಿ ಸಮುವೇಲನ ಎರಡು ಪುಸ್ತಕ, ಅರಸುಗಳ ಎರಡು ಪುಸ್ತಕ ಸೇರಿ ‘ರಾಜ್ಯಗಳು’ ಅನ್ನುವ ಹೆಸರಿನ ನಾಲ್ಕು ಪುಸ್ತಕಗಳಾಗಿವೆ. ನಿಮಗೆ ಬೇಕಾದದ್ದು ಮೊದಲನೆಯದು. ಅಲ್ಲಿ ಗೊಲ್ಯಾತ ನಾಲ್ಕು ಮೊಳ ಒಂದು ಗೇಣು. ಅಂದರೆ ಆರೂವರೆ ಅಡಿ ಆಸುಪಾಸು. ಎತ್ತರದ ಮನುಷ್ಯನೇ, ಆದರೆ ನಂಬಬಹುದಾದ ಎತ್ತರ.

ಗ್ರೀಕಿಗೆ ಅನುವಾದ ಮಾಡಿದವರು ತಗ್ಗಿಸಿದರಾ, ಇಲ್ಲಾ ಅವರ ಮುಂದಿದ್ದ ಹೀಬ್ರೂ ಪ್ರತಿಯಲ್ಲೇ ಹಾಗಿತ್ತಾ? ಇದಕ್ಕೆ ಉತ್ತರ ಮೃತ ಸಮುದ್ರದ ಸುರುಳಿಗಳು ಸಿಕ್ಕ ಕುಮ್ರಾನಿನ ನಾಲ್ಕನೇ ಗುಹೆಯಲ್ಲಿ ಸಿಕ್ಕ ಸಮುವೇಲನ ಸುರುಳಿಯಲ್ಲಿದೆ. ಅದು ಹೀಬ್ರೂ ಸುರುಳಿ, ಅದರಲ್ಲೂ ನಾಲ್ಕು ಮೊಳ. ಅದರ ಅಧಿಕೃತ ಪ್ರಕಟಣೆ ಡಿಸ್ಕವರೀಸ್ ಇನ್ ದಿ ಜುಡಿಯನ್ ಡೆಸರ್ಟ್ ಮಾಲೆಯ 17ನೇ ಸಂಪುಟ, 2005. ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೀಫಸ್ ಕೂಡ ನಾಲ್ಕು ಮೊಳ ಒಂದು ಗೇಣು ಅಂತಲೇ ಬರೆದಿದ್ದಾನೆ.

ಇಲ್ಲಿಗೆ ಮುಗಿಯಲಿಲ್ಲ. ವ್ಯಾಟಿಕನಸ್‌ನಲ್ಲಿ ಈ ಅಧ್ಯಾಯದ 12ರಿಂದ 31ನೇ ವಚನದವರೆಗಿನ ಭಾಗವೇ ಇಲ್ಲ. ದಾವೀದ ಅಣ್ಣಂದಿರಿಗೆ ರೊಟ್ಟಿ ತೆಗೆದುಕೊಂಡು ಹೋಗುವ ಕಥೆ ಪೂರ್ತಿ ಮಾಯ. ಹಾಗಾಗಿ ಎತ್ತರದ ಪ್ರಶ್ನೆ ಇಡೀ ಅಧ್ಯಾಯ ಬೆಳೆದು ಬಂದ ಬಗೆಯ ಪ್ರಶ್ನೆಯಾಗುತ್ತದೆ. ಇನ್ನು ಲೇಖನಗಳಿಗೆ ಬಂದರೆ, 2005ರಲ್ಲಿ ಜರ್ನಲ್ ಆಫ್ ದಿ ಇವಾಂಜೆಲಿಕಲ್ ಥಿಯಾಲಾಜಿಕಲ್ ಸೊಸೈಟಿಯಲ್ಲಿ ಗಿಡ್ಡ ಗೊಲ್ಯಾತನ ಪರ ಒಂದು ಲೇಖನ ಬಂತು. 2007ರಲ್ಲಿ ಅದೇ ಪತ್ರಿಕೆಯಲ್ಲಿ ಎತ್ತರದ ಗೊಲ್ಯಾತನ ಪರ ಉತ್ತರ ಬಂತು. ಮೊದಲನೆಯದನ್ನು ಮಾತ್ರ ಓದಿದವರಿಗೆ ಚರ್ಚೆ ಮುಗಿದಂತೆ ಕಾಣುತ್ತದೆ. ಅದಕ್ಕೇ ಯಾವ ಲೇಖನ ಸಿಕ್ಕರೂ ಗೂಗಲ್ ಸ್ಕಾಲರ್‌ನಲ್ಲಿ ಅದನ್ನು ಆಮೇಲೆ ಯಾರು ಉಲ್ಲೇಖಿಸಿದ್ದಾರೆ ಅಂತ ನೋಡಿ.

ಸ್ಟ್ರಾಂಗ್ ಸಂಖ್ಯೆ ಇದೆಯಲ್ಲ, ನಿಘಂಟು ಯಾಕೆ ಬೇಕು?

ಬೈಬಲ್ಲಿನ ಹೀಬ್ರೂ, ಗ್ರೀಕ್ ಪದಗಳಿಗೆ ಒಂದೊಂದು ಸಂಖ್ಯೆ ಕೊಟ್ಟ ಸ್ಟ್ರಾಂಗ್ ಅವರ ಪದಸೂಚಿ 1890ರದು. ಪದ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಲು ಆ ಸಂಖ್ಯೆಗಳು ಇವತ್ತಿಗೂ ಉಪಯೋಗಕ್ಕೆ ಬರುತ್ತವೆ. ಅರ್ಥ ತೀರ್ಮಾನಿಸಲು ಅವು ಸಾಲವು.

ಉಚಿತವಾಗಿ ಸಿಗುವ ಹೀಬ್ರೂ ನಿಘಂಟು ಬ್ರೌನ್-ಡ್ರೈವರ್-ಬ್ರಿಗ್ಸ್, 1906ರದು. ಅದ್ಭುತ ಕೆಲಸ, ಅನುಮಾನವೇ ಇಲ್ಲ. ಆದರೆ ಹೀಬ್ರೂಗೆ ತೀರಾ ಹತ್ತಿರದ ಭಾಷೆಯಾದ ಉಗಾರಿಟಿಕ್‌ನ ಫಲಕಗಳು ಹೊರಬಂದದ್ದು 1929ರಲ್ಲಿ. ಮೃತ ಸಮುದ್ರದ ಮೊದಲ ಸುರುಳಿಗಳು ಬೆಳಕಿಗೆ ಬಂದದ್ದು 1947ರಲ್ಲಿ. 1906ರ ನಿಘಂಟಿಗೆ ಇವೆರಡೂ ಗೊತ್ತಿರಲು ಸಾಧ್ಯವೇ ಇಲ್ಲ. ಅಪರೂಪದ ಪದ ಬಂದಾಗ ಹ್ಯಾಲಟ್ (HALOT) ನಿಘಂಟು ಅಥವಾ ಶೆಫೀಲ್ಡ್‌ನ ಡಿಕ್ಷನರಿ ಆಫ್ ಕ್ಲಾಸಿಕಲ್ ಹೀಬ್ರೂ ನೋಡಲೇಬೇಕು. ಗ್ರೀಕಿನಲ್ಲೂ ಇದೇ ಕಥೆ. ಥೇಯರ್ ಅವರ ನಿಘಂಟು 1880ರ ದಶಕದ್ದು. ಈಜಿಪ್ಟಿನ ಪಪೈರಸ್ ಹಾಳೆಗಳು ಹೊಸ ಒಡಂಬಡಿಕೆಯ ಗ್ರೀಕ್ ಬಗ್ಗೆ ಕಲಿಸಿದ ಪಾಠ ಅದರಲ್ಲಿಲ್ಲ. ಈಗ ಬಳಸಬೇಕಾದ ಗ್ರೀಕ್ ನಿಘಂಟು ಬಿಡ್ಯಾಗ್ (BDAG), 2000ದ ಮೂರನೇ ಇಂಗ್ಲಿಷ್ ಆವೃತ್ತಿ. ಹೊರಗಿನ ಗ್ರೀಕ್ ಸಾಹಿತ್ಯಕ್ಕೆ ಲಿಡೆಲ್-ಸ್ಕಾಟ್-ಜೋನ್ಸ್ ನಿಘಂಟು ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ತಾಣದಲ್ಲಿ ಉಚಿತ.

ಪುಸ್ತಕ ಕೈಗೆ ಬಂದ ಕೂಡಲೇ ಅದು ಬಂದ ವರ್ಷ ನೋಡುವ ಅಭ್ಯಾಸ ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ. ಮರುಮುದ್ರಣದ ವರ್ಷ ನಂಬಬೇಡಿ, ಮೊದಲು ಬಂದ ವರ್ಷ ಹುಡುಕಿ.

ಲೇಖನಗಳನ್ನು ಹುಡುಕಲು ಯಾವುದು ಒಳ್ಳೆಯದು?

ನಾನು ಮೊದಲು ಹೇಳುವ ಹೆಸರು ಇಂಡೆಕ್ಸ್ ಥಿಯಾಲಾಜಿಕಸ್. ಟ್ಯೂಬಿಂಗನ್ ವಿಶ್ವವಿದ್ಯಾಲಯದ್ದು, ಉಚಿತ. ಬೈಬಲ್ ವಚನದ ಮೂಲಕವೇ ಹುಡುಕುವ ಸೌಲಭ್ಯ ಅದರಲ್ಲಿದೆ. ಲೋಸಾನ್ ವಿಶ್ವವಿದ್ಯಾಲಯದ ಬಿಬಿಲ್ ಕೂಡ ಉಚಿತ, ಅದು ಪೂರ್ತಿ ಬೈಬಲ್ ಅಧ್ಯಯನಕ್ಕೇ ಮೀಸಲು. ನಿಮ್ಮ ಸಂಸ್ಥೆಗೆ ಚಂದಾ ಇದ್ದರೆ ಅಟ್ಲಾ ದತ್ತಸಂಚಯವನ್ನೂ, ಸಾರಾಂಶ ಕೊಡುವ ನ್ಯೂ ಟೆಸ್ಟಮೆಂಟ್ ಅಬ್‌ಸ್ಟ್ರಾಕ್ಟ್ಸ್ ಮತ್ತು ಓಲ್ಡ್ ಟೆಸ್ಟಮೆಂಟ್ ಅಬ್‌ಸ್ಟ್ರಾಕ್ಟ್ಸ್ ಅನ್ನೂ ನೋಡಿ. ಒಂದು ವಿಷಯದ ಮೇಲೆ ಇತ್ತೀಚೆಗೆ ಏನೆಲ್ಲ ನಡೆದಿದೆ ಅಂತ ತಿಳಿಯಲು ಕರೆಂಟ್ಸ್ ಇನ್ ಬಿಬ್ಲಿಕಲ್ ರಿಸರ್ಚ್ ಪತ್ರಿಕೆ ಇದೆ. ಅದು ಇರುವುದೇ ಅಂಥ ಸಮೀಕ್ಷೆಗಳಿಗೆ.

ಹುಡುಕಿದರೆ ಏನೂ ಸಿಗುತ್ತಿಲ್ಲ. ಯಾಕೆ?

ಬಹುಶಃ ವಚನ ಸಂಖ್ಯೆಯ ಗೊಂದಲ. ಹೀಬ್ರೂವಿನಲ್ಲಿ ಯೋವೇಲನಿಗೆ ನಾಲ್ಕು ಅಧ್ಯಾಯ, ಹೆಚ್ಚಿನ ಅನುವಾದಗಳಲ್ಲಿ ಮೂರು. ಮಲಾಕಿ ಉಲ್ಟಾ: ಹೀಬ್ರೂವಿನಲ್ಲಿ ಮೂರು, ಅನೇಕ ಅನುವಾದಗಳಲ್ಲಿ ನಾಲ್ಕು. ಕೀರ್ತನೆಗಳ ಮೇಲಿನ ಶೀರ್ಷಿಕೆಯನ್ನು ಹೀಬ್ರೂ ಪಠ್ಯ ಅನೇಕ ಕಡೆ ವಚನವಾಗಿ ಎಣಿಸುತ್ತದೆ. ಅನುವಾದದ 51:1 ಅಲ್ಲಿ 51:3 ಆಗಿಬಿಡುತ್ತದೆ. ಗ್ರೀಕಿನಲ್ಲಿ ಕೀರ್ತನೆಗಳ ಸಂಖ್ಯೆಯೇ ಬೇರೆ, ನಮಗೆಲ್ಲ ಗೊತ್ತಿರುವ 23ನೆಯದು ಅಲ್ಲಿ 22. ಯೆರೆಮೀಯದಲ್ಲಂತೂ ಗ್ರೀಕ್ ಪಠ್ಯ ಚಿಕ್ಕದು, ಅಧ್ಯಾಯಗಳ ಅನುಕ್ರಮವೂ ಬೇರೆ. ಎರಡೂ ಸಂಖ್ಯೆ ಹಾಕಿ ಹುಡುಕಿ.

ಇನ್ನೊಂದು ಕಾರಣ ಭಾಷೆ. ಈ ಕ್ಷೇತ್ರದಲ್ಲಿ ಜರ್ಮನ್, ಫ್ರೆಂಚ್‌ನಲ್ಲಿ ಬರೆದದ್ದು ಬಹಳ ಇದೆ. ಅನುವಾದ ಯಂತ್ರದ ಸಹಾಯದಿಂದ ಲೇಖನದ ಸಾರ ತಿಳಿಯಬಹುದು. ಉಲ್ಲೇಖ ಮಾಡುವ ಮುಂಚೆ ಮಾತ್ರ ಆ ಭಾಷೆ ಬಲ್ಲವರಿಗೆ ತೋರಿಸಿ.

ದುಡ್ಡು ಕೊಡದೆ ಎಷ್ಟು ಓದಬಹುದು? ಕಾನೂನಿನ ಒಳಗೇ ಇದ್ದು.

ಅಂದುಕೊಂಡದ್ದಕ್ಕಿಂತ ಜಾಸ್ತಿ. ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಆನ್‌ಲೈನ್‌ನಲ್ಲಿ ಓದಬಹುದು. ಜರ್ನಲ್ ಆಫ್ ಹೀಬ್ರೂ ಸ್ಕ್ರಿಪ್ಚರ್ಸ್, ಟಿಂಡೇಲ್ ಬುಲೆಟಿನ್, ಪಠ್ಯ ವಿಮರ್ಶೆಗೆ ಮೀಸಲಾದ ಟಿಸಿ, ದಕ್ಷಿಣ ಆಫ್ರಿಕಾದ ಓಲ್ಡ್ ಟೆಸ್ಟಮೆಂಟ್ ಎಸ್ಸೇಸ್ ಮತ್ತು ಎಚ್‌ಟಿಎಸ್, ಇವೆಲ್ಲ ಮುಕ್ತ ಪತ್ರಿಕೆಗಳು. ಹೊಸ ಪುಸ್ತಕಗಳಿಗೆ ಓಪೆನ್ (OAPEN) ತಾಣ ಹುಡುಕಿ, ಹಳೆಯವಕ್ಕೆ ಇಂಟರ್ನೆಟ್ ಆರ್ಕೈವ್ ಮತ್ತು ಹಾಥಿಟ್ರಸ್ಟ್. ಬ್ರೌಸರಿಗೆ ಅನ್‌ಪೇವಾಲ್ ಸೇರಿಸಿಕೊಂಡರೆ, ಹಣ ಕೇಳುವ ಲೇಖನದ ಉಚಿತ ಪ್ರತಿ ಬೇರೆಲ್ಲಾದರೂ ಇದ್ದರೆ ಅದೇ ತೋರಿಸುತ್ತದೆ.

1880ರಲ್ಲಿ ಶುರುವಾದ ಸೊಸೈಟಿ ಆಫ್ ಬಿಬ್ಲಿಕಲ್ ಲಿಟರೇಚರ್ ಒಂದು ಒಳ್ಳೆ ಯೋಜನೆ ನಡೆಸುತ್ತಿದೆ. ತಲಾ ಆದಾಯ ಕಡಿಮೆ ಇರುವ ದೇಶಗಳಲ್ಲಿ ಕೂತು ಅವರ ಜಾಲತಾಣ ತೆರೆದರೆ ಅವರು ಪ್ರಕಟಿಸಿದ ಅನೇಕ ವಿದ್ವತ್ ಗ್ರಂಥಗಳನ್ನು ಪೂರ್ತಿಯಾಗಿ ಇಳಿಸಿಕೊಳ್ಳಬಹುದು. ಇಂಟರ್‌ನ್ಯಾಷನಲ್ ಕೋಆಪರೇಷನ್ ಇನಿಶಿಯೇಟಿವ್ ಅಂತ ಹೆಸರು. ಇಷ್ಟು ಒಳ್ಳೆ ಸೌಲಭ್ಯ ಬಹಳ ವಿದ್ಯಾರ್ಥಿಗಳಿಗೆ ಗೊತ್ತೇ ಇಲ್ಲ ಅನ್ನುವುದು ಬೇಸರದ ಸಂಗತಿ.

ಎಲ್ಲೂ ಸಿಗದಿದ್ದರೆ ಲೇಖಕರಿಗೇ ಒಂದು ಮಿಂಚಂಚೆ ಬರೆಯಿರಿ. ನೀವು ಯಾರು, ಏನು ಓದುತ್ತಿದ್ದೀರಿ, ಯಾವ ಲೇಖನ ಬೇಕು, ಇಷ್ಟೇ ನಾಲ್ಕು ಸಾಲು. ತಾವು ಬರೆದದ್ದನ್ನು ಯಾರೋ ಓದಬೇಕು ಅಂತ ಕೇಳಿದರೆ ಖುಷಿಪಡುವವರೇ ಹೆಚ್ಚು.

ಹಳೆಯ ವ್ಯಾಖ್ಯಾನಗಳು ಉಚಿತವಾಗಿ ಸಿಗುತ್ತವೆ. ಅವು ಸಾಕಾ?

ಆ ಕಾಲದಲ್ಲಿ ಜನ ಬೈಬಲ್ಲನ್ನು ಹೇಗೆ ಓದಿದರು ಅನ್ನುವುದೇ ನಿಮ್ಮ ವಿಷಯವಾದರೆ ಅವೇ ಮುಖ್ಯ ಆಕರ. ಇಲ್ಲದಿದ್ದರೆ ಅವನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಹರ್ಮೆನಿಯಾ, ಇಂಟರ್‌ನ್ಯಾಷನಲ್ ಕ್ರಿಟಿಕಲ್ ಕಾಮೆಂಟರಿ, ಆಂಕರ್ ಯೇಲ್ ಮಾಲೆಗಳಲ್ಲಿ ನಿಮ್ಮ ಪುಸ್ತಕದ ಸಂಪುಟ ಯಾವುದಿದೆ ನೋಡಿ. ಒಂದೇ ಮಾಲೆಯಲ್ಲೂ ಗುಣಮಟ್ಟ ಏರುಪೇರಾಗಿರುತ್ತದೆ.

ಲೇಖಕರ ನಂಬಿಕೆ ಏನು ಅಂತ ನೋಡಬೇಕಾ?

ತಿಳಿದುಕೊಂಡಿರಿ, ಆದರೆ ಅದರ ಮೇಲೆ ಪುಸ್ತಕ ತಳ್ಳಿಹಾಕಬೇಡಿ. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್, ಯೆಹೂದಿ, ಯಾವ ಧರ್ಮಕ್ಕೂ ಸೇರದವರು, ಎಲ್ಲರೂ ಅದೇ ಹಸ್ತಪ್ರತಿ, ಅದೇ ನಿಘಂಟು ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಒಂದೇ ಬಳಗದವರ ಪುಸ್ತಕಗಳೇ ನಿಮ್ಮ ಪಟ್ಟಿಯಲ್ಲಿದ್ದರೆ ಮಾತ್ರ ಎಚ್ಚರವಾಗಿ. ಯೆಹೂದಿ ವ್ಯಾಖ್ಯಾನ ಪರಂಪರೆಯನ್ನು ಕ್ರೈಸ್ತ ಹಿನ್ನೆಲೆಯ ವಿದ್ಯಾರ್ಥಿಗಳು ಆಗಾಗ ಬಿಟ್ಟೇಬಿಡುತ್ತಾರೆ. ಸೆಫಾರಿಯಾ ತಾಣದಲ್ಲಿ ಮಧ್ಯಯುಗದ ವ್ಯಾಖ್ಯಾನಕಾರರಾದ ರಾಶಿ (Rashi), ಇಬ್ನ್ ಎಜ್ರಾ, ಜೊತೆಗೆ ತಾಲ್ಮುಡ್ ಎಲ್ಲ ಉಚಿತ. ವಚನದ ಮೇಲೆ ಒತ್ತಿದರೆ ಪಕ್ಕದಲ್ಲೇ ವ್ಯಾಖ್ಯಾನಗಳು ತೆರೆದುಕೊಳ್ಳುತ್ತವೆ.

ಬೈಬಲ್ಲಿನ ಸುತ್ತಲಿನ ಪ್ರಾಚೀನ ಜಗತ್ತಿನ ಬಗ್ಗೆ?

ಅಸ್ಸೀರಿಯಾ, ಬ್ಯಾಬಿಲೋನಿನ ಭಾಷೆಯಾದ ಅಕ್ಕಾಡಿಯನ್‌ಗೆ ಶಿಕಾಗೋ ಅಸ್ಸೀರಿಯನ್ ಡಿಕ್ಷನರಿ. 1921ರಲ್ಲಿ ಶುರುವಾದ ಈ ಕೆಲಸ ಮುಗಿಯಲು ಸುಮಾರು 90 ವರ್ಷ ಹಿಡಿಯಿತು. ಈಗ ಎಲ್ಲ ಸಂಪುಟಗಳೂ ಶಿಕಾಗೋ ವಿಶ್ವವಿದ್ಯಾಲಯದ ತಾಣದಲ್ಲಿ ಉಚಿತ. ಅರಮೇಯಿಕ್‌ಗೆ ಕಾಂಪ್ರಹೆನ್ಸಿವ್ ಅರಮೇಯಿಕ್ ಲೆಕ್ಸಿಕನ್, ಮಣ್ಣಿನ ಫಲಕಗಳಿಗೆ ಸಿಡಿಎಲ್‌ಐ (CDLI) ಮತ್ತು ಒರಾಕ್ (Oracc) ತಾಣಗಳು.

ಎಐ ಕೊಟ್ಟ ಪುಸ್ತಕ ಪಟ್ಟಿ ಬಳಸಬಹುದಾ?

ಪ್ರತಿ ಹೆಸರನ್ನೂ ಗ್ರಂಥಾಲಯಗಳ ಜಂಟಿ ಪಟ್ಟಿಯಾದ ವರ್ಲ್ಡ್‌ಕ್ಯಾಟ್‌ನಲ್ಲೋ ಇಂಡೆಕ್ಸ್ ಥಿಯಾಲಾಜಿಕಸ್‌ನಲ್ಲೋ ನೋಡಿ ಇದೆ ಅಂತ ಖಚಿತವಾದ ಮೇಲೆ ಮಾತ್ರ. ನಿಜವಾದ ವಿದ್ವಾಂಸರ ಹೆಸರಿಗೆ ಅವರು ಬರೆಯದೇ ಇರುವ ಲೇಖನ ಅಂಟಿಸಿ, ನಿಜವಾದ ಪತ್ರಿಕೆಯ ಸಂಪುಟ ಸಂಖ್ಯೆ ಸಮೇತ ಕೊಡುವುದುಂಟು. ನೋಡಲು ಅಸಲಿಯಂತೆಯೇ ಇರುತ್ತದೆ.

ಮೋಸ ಹೋಗುವುದು ಪುಸ್ತಕಗಳ ವಿಷಯದಲ್ಲಿ ಮಾತ್ರ ಅಲ್ಲ. ವಾಷಿಂಗ್ಟನ್‌ನ ಮ್ಯೂಸಿಯಂ ಆಫ್ ದಿ ಬೈಬಲ್ ಮೃತ ಸಮುದ್ರದ ಸುರುಳಿಯ ಚೂರುಗಳು ಅಂತ ಕೊಂಡಿದ್ದ 16 ತುಣುಕುಗಳೂ ನಕಲಿ ಎಂದು 2020ರಲ್ಲಿ ಪ್ರಕಟವಾಯಿತು. ಅಷ್ಟರೊಳಗೆ ಅವುಗಳಲ್ಲಿ ಕೆಲವನ್ನು ವಿದ್ವತ್ ಗ್ರಂಥದಲ್ಲಿ ಪ್ರಕಟಿಸಿಯೂ ಆಗಿತ್ತು. ಒಂದು ಶಾಸನ ಅಥವಾ ಚೂರನ್ನು ಸಾಕ್ಷಿಯಾಗಿ ಬಳಸುವ ಮುಂಚೆ ಅದು ಉತ್ಖನನದಲ್ಲಿ ಸಿಕ್ಕಿತಾ, ಅಂಗಡಿಯಿಂದ ಬಂತಾ ಅಂತ ಕೇಳಿ. 1993ರಲ್ಲಿ ಇಸ್ರೇಲಿನ ಟೆಲ್ ದಾನ್‌ನಲ್ಲಿ ಅಗೆಯುವಾಗಲೇ ಸಿಕ್ಕ ಶಾಸನಕ್ಕೆ ಇರುವ ತೂಕ ಅಂಗಡಿಯಲ್ಲಿ ಕೊಂಡ ಫಲಕಕ್ಕೆ ಇರುವುದಿಲ್ಲ.

ಅಡಿಟಿಪ್ಪಣಿಯಲ್ಲಿ ಬರುವ ಜೆಬಿಎಲ್, ಜಡ್‌ಎಡಬ್ಲ್ಯು, ಎನ್‌ಟಿಎಸ್ ಅಂದರೆ ಏನು?

ಪತ್ರಿಕೆಗಳ ಸಂಕ್ಷೇಪ. ಮೊದಲನೆಯದು ಜರ್ನಲ್ ಆಫ್ ಬಿಬ್ಲಿಕಲ್ ಲಿಟರೇಚರ್, ಎರಡನೆಯದು ಹಳೆ ಒಡಂಬಡಿಕೆಗೆ ಮೀಸಲಾದ ಜರ್ಮನ್ ಪತ್ರಿಕೆ, ಮೂರನೆಯದು ನ್ಯೂ ಟೆಸ್ಟಮೆಂಟ್ ಸ್ಟಡೀಸ್. ಪೂರ್ತಿ ಪಟ್ಟಿ ಸೊಸೈಟಿ ಆಫ್ ಬಿಬ್ಲಿಕಲ್ ಲಿಟರೇಚರ್‌ನ (ಎಸ್‌ಬಿಎಲ್) 2014ರ ಎಸ್‌ಬಿಎಲ್ ಹ್ಯಾಂಡ್‌ಬುಕ್ ಆಫ್ ಸ್ಟೈಲ್‌ನಲ್ಲಿದೆ. ಟಿಪ್ಪಣಿಗಳನ್ನು ಜೋಡಿಸಿಡಲು ಝೊಟೆರೊ ತಂತ್ರಾಂಶ ಬಳಸಿ. ಉಚಿತ, ಎಸ್‌ಬಿಎಲ್ ಶೈಲಿಯೂ ಅದಕ್ಕೆ ಸಿಗುತ್ತದೆ. ಮೊದಲ ಲೇಖನ ಓದಿದ ದಿನದಿಂದಲೇ ಶುರು ಮಾಡಿ.

ಹುಡುಕುವುದನ್ನು ಯಾವಾಗ ನಿಲ್ಲಿಸಬೇಕು?

ಹೊಸ ಲೇಖನ ತೆರೆದಾಗ ಅದರ ಅಡಿಟಿಪ್ಪಣಿಯ ಹೆಸರುಗಳೆಲ್ಲ ಈಗಾಗಲೇ ನಿಮ್ಮ ಪಟ್ಟಿಯಲ್ಲಿದ್ದರೆ, ಬರೆಯಲು ಕೂರಬಹುದು. ಬರೆಯುವಾಗ ಮತ್ತೆ ಒಂದೆರಡು ಕಡೆ ಕೊರತೆ ಕಾಣುತ್ತದೆ. ಆಗ ಇಡೀ ವಿಷಯ ಹುಡುಕಲು ಹೋಗಬೇಡಿ, ಆ ವಚನವನ್ನಷ್ಟೇ ಇಂಡೆಕ್ಸ್ ಥಿಯಾಲಾಜಿಕಸ್‌ನಲ್ಲಿ ಹಾಕಿ ನೋಡಿ. ಪ್ರಬಂಧ ಒಪ್ಪಿಸುವ ಮುಂಚಿನ ವಾರ, ಕಳೆದ ಎರಡು ವರ್ಷದಲ್ಲಿ ಬಂದದ್ದನ್ನು ಮಾತ್ರ ಇನ್ನೊಮ್ಮೆ ಹುಡುಕಿ.